ದೀಪಾವಳಿಗೆ ಕೈಯಾರೆ ಮಾಡಿದ ಗಿಫ್ಟ್: ಹಣತೆನಾ, ಚಟ್ನಿಪುಡಿನಾ, ಕ್ಯಾಂಡಲ್ಲಾ?

ಮುಂಬೈನಲ್ಲಿರೋರಿಗೆ ಹಣತೆ ತುಂಬಾ ಈಸಿ, ಧಾರಾವಿಯ ಕುಂಭಾರವಾಡಾಕ್ಕೆ ಹೋದ್ರೆ ಸಾದಾ ಮಣ್ಣಿನ ಹಣತೆ ಕಡಿಮೆ ರೇಟಿಗೆ ಸಿಗುತ್ತೆ, ತಂದು ಒಂದು ರಾತ್ರಿ ನೀರಲ್ಲಿ ನೆನೆಸಿ (ಇಲ್ಲಾಂದ್ರೆ ಎಣ್ಣೆಯೆಲ್ಲಾ ಮಣ್ಣೇ ಕುಡಿಯುತ್ತೆ) ಚೆನ್ನಾಗಿ ಒಣಗಿಸಿ ಹೊರಗಡೆ ಮಾತ್ರ ಅಕ್ರಿಲಿಕ್ ಪೇಂಟ್ ಹಚ್ಚಿ. ಬತ್ತಿ ಉರಿಯೋ ಮೂತಿ ಹತ್ರ ಪೇಂಟೂ ಬೇಡ ಗ್ಲಿಟರೂ ಬೇಡ, ಬೆಂಕಿ ತಗಲಬಹುದು. ಮಕ್ಕಳನ್ನ ಕೂರಿಸ್ಕೊಂಡು ಮಾಡೋದಾದ್ರೆ ಇದೇ ಬೆಸ್ಟ್. ಆದ್ರೆ ಲೋಕಲ್ ಟ್ರೇನ್ ರಷ್‌ನಲ್ಲಿ ಕಲ್ಯಾಣ್‌ಗೋ ವಿರಾರ್‌ಗೋ ಒಯ್ಯೋದು ಕಷ್ಟ, ಒಡೆಯುತ್ತೆ.

ದೂರ ಒಯ್ಯೋದಿದ್ರೆ ಶೇಂಗಾ ಚಟ್ನಿಪುಡಿ ಮಾಡಿ. ನನ್ನ ಓಟು ಇದಕ್ಕೇ, ಯಾಕಂದ್ರೆ ಪಕ್ಕದ ಮರಾಠಿ ಮನೆಯವರೂ ಭಾಕರಿ ಜೊತೆ ಖುಷಿಯಾಗಿ ತಿಂತಾರೆ, ಶೋಕೇಸಲ್ಲಿ ಧೂಳು ಹಿಡಿಯಲ್ಲ. ಶೇಂಗಾ ಸಣ್ಣ ಉರೀಲಿ ಹುರಿದು ಸಿಪ್ಪೆ ತೆಗೆದು ಪೂರ್ತಿ ಆರಿದ ಮೇಲೇ ಬೆಳ್ಳುಳ್ಳಿ, ಜೀರಿಗೆ, ಖಾರದಪುಡಿ, ಉಪ್ಪು ಹಾಕಿ, ಮಿಕ್ಸಿ ಮಾತ್ರ ಬಿಟ್ಟು ಬಿಟ್ಟು ತಿರುಗಿಸಿ, ಒಂದೇ ಸಮ ಓಡಿಸಿದ್ರೆ ಎಣ್ಣೆ ಬಿಟ್ಟು ಮುದ್ದೆ ಆಗುತ್ತೆ. ಬಾಟಲಿ ಒಣಗಿರ್ಲೇಬೇಕು, ಇಲ್ಲಿನ ತೇವಕ್ಕೆ ಬೇಗ ಬೂಸ್ಟು ಬರುತ್ತೆ. ಕೊಡೋ ಮುಂಚೆ ಶೇಂಗಾ ಅಲರ್ಜಿ ಇದ್ಯಾ ಅಂತ ಕೇಳ್ಕೊಳ್ಳಿ ದಯವಿಟ್ಟು. ಖರ್ಚು ಅಂದ್ರೆ ಶೇಂಗಾ ಮತ್ತು ಬಾಟಲಿದು ಅಷ್ಟೇ, ಹಳೇ ಜಾಮ್ ಬಾಟಲಿ ಇದ್ರೆ ಅದೂ ಇಲ್ಲ.

ಕ್ಯಾಂಡಲ್ ನೋಡೋಕೆ ಚೆಂದ, ಕ್ರಿಸ್‌ಮಸ್‌ಗೂ ಆಗುತ್ತೆ, ಆದ್ರೆ ಮೇಣ, ಸೆಂಟು, ಗ್ಲಾಸು ಎಲ್ಲಾ ಸೇರಿ ಮೂರರಲ್ಲಿ ಇದೇ ದುಬಾರಿ. ಮೇಣನ ನೇರ ಗ್ಯಾಸ್ ಮೇಲೆ ಇಡ್ಬೇಡಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. ನಾಲ್ಕೈದು ಜನಕ್ಕೆ ಮಾತ್ರ ಕೊಡೋದಿದ್ರೆ ಮಾಡಿ, ಇಡೀ ಸೊಸೈಟಿಗೆ ಹಂಚೋದಿದ್ರೆ ಹಣತೆಗೇ ಹೋಗಿ.