ಏರಿಳಿಯುವ ಮಂಚ: ಹಣ ಕೊಡಬೇಕಾದದ್ದು ಯಾವ ಗುಣಕ್ಕೆ?

ಚಿಕ್ಕಮಗಳೂರಿನ ನಮ್ಮ ಮನೆಗೆ ಮೋಟಾರಿನಿಂದ ಏರಿಳಿಯುವ ಅಡ್ಜಸ್ಟಬಲ್ ಮಂಚವೊಂದನ್ನು ತರಬೇಕೇ ಬೇಡವೇ ಎಂಬ ಮಾತು ಹೊರಟದ್ದು ಮಾವನವರ ಎದೆಯುರಿಯಿಂದ. ರಾತ್ರಿ ಮಲಗಿದೊಡನೆ ಹುಳಿನೀರು ಗಂಟಲಿಗೆ ಬರುತ್ತಿತ್ತು. ಅದರ ಜೊತೆಗೆ ಮಂಡಿನೋವು ಹೆಚ್ಚಾಗಿ, ನಡುರಾತ್ರಿ ಬಚ್ಚಲಿಗೆ ಹೋಗಲು ಏಳಬೇಕೆಂದರೆ ಅತ್ತೆಯವರು ಎಚ್ಚರಗೊಂಡು ಕೈಹಿಡಿಯಬೇಕಾಗಿತ್ತು. ನಮ್ಮಲ್ಲಿ ನೋಡಲು ಸಿಕ್ಕಿದ ಮಾದರಿಗಳು ಕಡಿಮೆಯಾದ್ದರಿಂದ ಬೇಲೂರಿನ ಮೇಲೆ ಹಾಸನಕ್ಕೆ ಹೋಗಿ, ಅಲ್ಲಿನ ಪೀಠೋಪಕರಣದ ಅಂಗಡಿಯೊಂದರಲ್ಲಿ ಮಾವನವರನ್ನೇ ಮಲಗಿಸಿ ಪರೀಕ್ಷಿಸಿದೆವು.

ಇದರ ರಚನೆ ಸರಳವಾದದ್ದು. ಕಬ್ಬಿಣದ ಚೌಕಟ್ಟಿನ ಮೇಲಿನ ಹಲಗೆಯು ಬೆನ್ನು, ಸೊಂಟ, ತೊಡೆ, ಮೀನಖಂಡಗಳಿಗೆ ಸರಿಹೊಂದುವಂತೆ ತುಂಡುತುಂಡಾಗಿದ್ದು, ಕೆಳಗಿರುವ ಎರಡು ಮೋಟಾರುಗಳು ತಿರುಗುತ್ತ ಉದ್ದನೆಯ ದಂಡವನ್ನು ಹೊರಕ್ಕೆ ತಳ್ಳಿದಾಗ ಆಯಾ ಭಾಗ ಮೇಲೇಳುತ್ತದೆ. ತಲೆಭಾಗಕ್ಕೆ ಒಂದು ಮೋಟಾರು, ಕಾಲುಭಾಗಕ್ಕೆ ಇನ್ನೊಂದು. ‘ಝೀರೋ ಗ್ರಾವಿಟಿ’ ಎಂದು ರಿಮೋಟಿನ ಮೇಲೆ ಬರೆದಿರುವುದು ಬೆನ್ನನ್ನೂ ಮಂಡಿಯನ್ನೂ ಏಕಕಾಲಕ್ಕೆ ತುಸು ಎತ್ತಿಡುವ ಒಂದು ಭಂಗಿಯೇ ಹೊರತು ಬೇರೇನೂ ಅಲ್ಲ. ಮಸಾಜ್, ಮಂಚದಡಿಯ ದೀಪ, ಮೊಬೈಲ್ ಚಾರ್ಜರ್ ಮುಂತಾದವುಗಳಿಗಾಗಿ ಬೆಲೆ ಏರುತ್ತ ಹೋಗುತ್ತದೆ. ಮಾರಾಟಗಾರರ ಉತ್ಸಾಹವೂ ಅಲ್ಲಿಯೇ ಹೆಚ್ಚು.

ಎದೆಯುರಿಯ ವಿಷಯದಲ್ಲಿ ಮೊದಲೇ ಹೇಳಿಬಿಡುತ್ತೇನೆ: ಅದೊಂದೇ ತೊಂದರೆಯಿದ್ದವರು ಇಷ್ಟು ಹಣ ಸುರಿಯಬೇಕಾಗಿಲ್ಲ. ಮಂಚದ ತಲೆಭಾಗವನ್ನು 6ರಿಂದ 8 ಇಂಚು ಎತ್ತರಿಸಿ ಮಲಗಲು ವೈದ್ಯರು ಸಾಮಾನ್ಯವಾಗಿ ಸೂಚಿಸುತ್ತಾರೆ, ಮತ್ತು ಇದ್ದ ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಬಡಗಿಯಿಂದ ಗಟ್ಟಿ ಮರದ ದಿಮ್ಮಿಗಳನ್ನು ಮಾಡಿಸಿಟ್ಟರೆ, ದಿಮ್ಮಿಯಲ್ಲಿ ಕಾಲು ಕೂರಲು ಗುಳಿಯೊಂದನ್ನು ಕೊರೆಸಿದರೆ, ಅಷ್ಟು ಎತ್ತರ ಸಲೀಸಾಗಿ ಸಿಗುತ್ತದೆ. ದಿಂಬಿನ ಮೇಲೆ ದಿಂಬು ಪೇರಿಸುವುದು ಇದಕ್ಕೆ ಸಮನಲ್ಲ, ಏಕೆಂದರೆ ಅದರಿಂದ ಕತ್ತು ಮತ್ತು ಹೊಟ್ಟೆ ಮಡಚಿಕೊಳ್ಳುತ್ತವೆ. ಎಡಮಗ್ಗುಲಿಗೆ ಮಲಗುವುದು, ಊಟಕ್ಕೂ ನಿದ್ರೆಗೂ ನಡುವೆ ಎರಡು ಮೂರು ಗಂಟೆಯ ಅಂತರ ಇಡುವುದು ಇವಕ್ಕೆ ಖರ್ಚೇ ಇಲ್ಲ. ಗೊರಕೆ ಹೊಡೆಯುತ್ತ ನಿದ್ರೆಯಲ್ಲಿ ಉಸಿರು ಕಟ್ಟುವವರು, ಕಾಲು ಬಾತುಕೊಳ್ಳುವವರು, ಚಪ್ಪಟೆಯಾಗಿ ಮಲಗಿದರೆ ಏದುಸಿರು ಬರುವವರು ಮಂಚದ ಅಂಗಡಿಗಿಂತ ಮೊದಲು ವೈದ್ಯರ ಬಳಿಗೆ ಹೋಗಬೇಕು. ಅಂಥ ಲಕ್ಷಣಗಳ ಹಿಂದೆ ಹೃದಯದ ಅಥವಾ ಮೂತ್ರಪಿಂಡದ ಕಾಯಿಲೆ ಇರಬಹುದಾಗಿದ್ದು, ಮಂಚ ಅದನ್ನು ಮರೆಮಾಡಬಾರದು.

ಹಾಗಾದರೆ ಈ ಮಂಚಕ್ಕೆ ಹಣ ಕೊಡಬೇಕಾದದ್ದು ಯಾವುದಕ್ಕೆ? ನನ್ನ ಅಭಿಪ್ರಾಯದಲ್ಲಿ ಮಲಗುವುದಕ್ಕಲ್ಲ, ಏಳುವುದಕ್ಕೆ. ಅಂಗಡಿಯಲ್ಲಿ ಮೊದಲು ಬೆನ್ನಿನ ಭಾಗವನ್ನಷ್ಟೇ ಏರಿಸಿದಾಗ ಮಾವನವರು ಮೆಲ್ಲನೆ ಕಾಲಿನ ಕಡೆಗೆ ಜಾರತೊಡಗಿದರು, ಅಂಗಿ ಬೆನ್ನಿನ ಮೇಲೆ ಸುರುಳಿಯಾಯಿತು. ಮಂಡಿಯ ಭಾಗವನ್ನು ಸ್ವಲ್ಪ ಎತ್ತಿ, ಆಮೇಲೆ ಬೆನ್ನನ್ನು ಏರಿಸಿದಾಗ ಜಾರುವಿಕೆ ನಿಂತಿತು. ಸದಾ ಹಾಸಿಗೆಯಲ್ಲೇ ಇರುವ ರೋಗಿಗಳಲ್ಲಿ ಇಂಥ ಜಾರುವಿಕೆಯಿಂದ ಚರ್ಮ ಎಳೆದಾಡಿ ಬೆಡ್‌ಸೋರ್ (ಹಾಸಿಗೆ ಹುಣ್ಣು) ಆಗುವ ಅಪಾಯವಿರುವುದರಿಂದ ಈ ಕ್ರಮ ಮುಖ್ಯವಾದದ್ದು, ಆದರೆ ಮಾರಾಟಗಾರರು ನಾವು ಕೇಳುವವರೆಗೆ ಇದನ್ನು ಹೇಳಲಿಲ್ಲ. ಬಳಿಕ ಮಂಡಿಯ ಭಾಗವನ್ನು ಸಮ ಮಾಡಿಸಿ, ಕುಳಿತ ಭಂಗಿಯಿಂದಲೇ ಪಕ್ಕಕ್ಕೆ ತಿರುಗಿದರೆ ಮಾವನವರ ಪಾದಗಳು ನೆಲ ಮುಟ್ಟದೆ ತೂಗಾಡಿದವು. ಹಾಸಿಗೆಯೂ ಸೇರಿ ಮಂಚದ ಎತ್ತರ 24 ಇಂಚು ಇತ್ತು. ಅವರು ಸ್ವಲ್ಪ ಕುಳ್ಳಗಿನವರು. ಮಂಚದ ಕಾಲುಗಳು ತುಂಡುಗಳನ್ನು ಒಂದಕ್ಕೊಂದು ತಿರುಪಿ ಜೋಡಿಸುವಂಥವಾಗಿದ್ದುದರಿಂದ ಪ್ರತಿಯೊಂದರಲ್ಲೂ ಒಂದು ತುಂಡನ್ನು ಬಿಚ್ಚಿಸಿದೆವು. ಆಗ ಅಂಗಾಲು ನೆಲದ ಮೇಲೆ ಪೂರ್ತಿ ಊರಿತು, ಮತ್ತು ಅವರು ಬದಿಯ ಹಿಡಿಕೆಯನ್ನು ಹಿಡಿದು ಯಾರ ನೆರವೂ ಇಲ್ಲದೆ ಎದ್ದು ನಿಂತು, ‘ಇಷ್ಟೇ ತಾನೇ ಬೇಕಾದ್ದು’ ಎಂದರು. ಆ ಹಿಡಿಕೆ ಮಂಚದ ಜೊತೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು.

ಹಾಸಿಗೆಯ ಪ್ರಶ್ನೆಯನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ಮನೆಗಳಲ್ಲಿ ಸಾಮಾನ್ಯವಾದ ಗಟ್ಟಿ ನಾರಿನ ಹಾಸಿಗೆ ಇಂಥ ಮಂಚದ ಮೇಲೆ ಮಡಚುವುದಿಲ್ಲ. ಬೆನ್ನು ಏರಿದಾಗ ಸೊಂಟದ ಬಳಿ ಹಾಸಿಗೆಗೂ ಹಲಗೆಗೂ ನಡುವೆ ಕೈ ತೂರುವಷ್ಟು ಸಂದು ಬಿಡುತ್ತದೆ. ಸ್ಪ್ರಿಂಗುಗಳನ್ನು ಒಂದಕ್ಕೊಂದು ಹೆಣೆದ ಹಳೆಯ ಬಗೆಯ ಹಾಸಿಗೆಯೂ ಒಗ್ಗದು. ಲೇಟೆಕ್ಸ್, ಮೆಮೊರಿ ಫೋಮ್ ಅಥವಾ ಸ್ಪ್ರಿಂಗುಗಳು ಬಿಡಿಬಿಡಿ ಚೀಲದಲ್ಲಿರುವ ಹಾಸಿಗೆ ಬೇಕು. ಎಂದರೆ, ಮಂಚದ ಬೆಲೆಯ ಮೇಲೆ ಹೊಸ ಹಾಸಿಗೆಯ ಬೆಲೆಯನ್ನೂ ಕೂಡಿಸಿಯೇ ಲೆಕ್ಕ ಹಾಕಬೇಕು.

ಕರೆಂಟಿನ ವಿಚಾರ ಮಲೆನಾಡಿನವರಿಗೆ ಇನ್ನೂ ಗಂಭೀರವಾದದ್ದು. ವಿದ್ಯುತ್ ಕೊಡುವ ಕಂಪನಿ ಹಾಸನಕ್ಕೆ ಸೆಸ್ಕ್, ನಮಗೆ ಮೆಸ್ಕಾಂ ಎಂಬ ವ್ಯತ್ಯಾಸವಿದ್ದರೂ ಆಷಾಢದ ಗಾಳಿಗೆ ತಂತಿಯ ಮೇಲೆ ಮರ ಬೀಳುವುದಕ್ಕೆ ಎರಡೂ ಒಂದೇ. ಆದ್ದರಿಂದ ಬೆನ್ನಿನ ಭಾಗ ಪೂರ್ತಿ ಏರಿದ್ದಾಗಲೇ ಪ್ಲಗ್ ಕಿತ್ತು, ಈಗ ಇಳಿಸಿ ತೋರಿಸಿ ಎಂದು ಕೇಳಿದೆವು. ಮಂಚದಡಿ ಸಣ್ಣ ಬ್ಯಾಟರಿಗಳನ್ನು ಹಾಕುವ ಪೆಟ್ಟಿಗೆಯೇನೋ ಇತ್ತು, ಅದರೊಳಗೆ ಬ್ಯಾಟರಿಯೇ ಇರಲಿಲ್ಲ. ಎರಡು 9 ವೋಲ್ಟ್ ಬ್ಯಾಟರಿ ತಂದು ಹಾಕಿದ ಮೇಲೆ ಅದು ನಿಧಾನವಾಗಿ ಸಮತಟ್ಟಾಯಿತು. ಆದರೆ ಈ ವ್ಯವಸ್ಥೆ ಇಳಿಸುವುದಕ್ಕೆ ಮಾತ್ರ, ಏರಿಸುವುದಕ್ಕಲ್ಲ. ಏಳುವುದಕ್ಕೆಂದೇ ಕೊಳ್ಳುವವರು ಮನೆಯ ಇನ್ವರ್ಟರಿನ ಲೈನಿಗೆ ಮಂಚದ ಪ್ಲಗ್ಗನ್ನು ಸೇರಿಸಿಕೊಳ್ಳುವುದು ಅಗತ್ಯ. ರಿಮೋಟಿನ ಗುಂಡಿಗಳು ಕತ್ತಲಲ್ಲಿ ಬೆರಳಿಗೆ ತಿಳಿಯುವಷ್ಟು ಉಬ್ಬಿರಬೇಕೆಂಬುದನ್ನೂ ಇಲ್ಲೇ ಹೇಳಬೇಕು. ನಾವು ನೋಡಿದ ಒಂದು ಮಾದರಿಯಲ್ಲಿ ಅವು ಗಾಜಿನಂತೆ ನುಣುಪಾಗಿದ್ದವು, ಅದನ್ನು ಅಲ್ಲಿಯೇ ಕೈಬಿಟ್ಟೆವು.

ಆಸ್ಪತ್ರೆಗಳಲ್ಲಿರುವಂಥ, ಕಾಲಿನ ಬದಿಯ ಹಿಡಿಯನ್ನು ತಿರುಗಿಸಿ ಏರಿಸುವ ಕಬ್ಬಿಣದ ಮಂಚಕ್ಕೆ ಕರೆಂಟು ಬೇಡ, ಬೆಲೆಯೂ ಬಹಳ ಕಡಿಮೆ, ಶಸ್ತ್ರಚಿಕಿತ್ಸೆಯ ನಂತರದ ಕೆಲವು ವಾರಗಳಿಗೆ ಬಾಡಿಗೆಗೂ ಸಿಗುತ್ತದೆ. ಪಕ್ಕದಲ್ಲಿ ಯಾವಾಗಲೂ ಒಬ್ಬರು ನೋಡಿಕೊಳ್ಳುವವರಿದ್ದರೆ ಅದೇ ಸಾಕು. ಮಲಗಿದವರೇ ಅದನ್ನು ತಿರುಗಿಸಲಾಗದು ಎಂಬುದೇ ಅದರ ಕೊರತೆ, ಮತ್ತು ಅತ್ತೆಯವರ ನಿದ್ರೆ ಉಳಿಸುವುದು ನಮ್ಮ ಉದ್ದೇಶವಾಗಿದ್ದರಿಂದ ಅದು ನಮಗೆ ಹೊಂದಲಿಲ್ಲ.

ಇಬ್ಬರು ಮಲಗುವ ಅಗಲದ ಮಾದರಿಯಲ್ಲಿ ಒಬ್ಬರು ಏರಿಸಿದರೆ ಇನ್ನೊಬ್ಬರೂ ಏರಬೇಕು; ಎರಡು ಭಾಗವಾಗಿ ಬರುವುದಕ್ಕೆ ಬೆಲೆ ಸರಿಸುಮಾರು ಇಮ್ಮಡಿ. ಹಳೆಯ ಹೊನ್ನೆ ಮರದ ಮಂಚವನ್ನು ಅತ್ತೆಯವರಿಗೆ ಬಿಟ್ಟು, ಪಕ್ಕದಲ್ಲಿ 36 ಇಂಚು ಅಗಲದ, ಮಸಾಜ್ ಇಲ್ಲದ, ಎರಡು ಮೋಟಾರಿನ ಸಾದಾ ಮಂಚವನ್ನು ಮಾವನವರಿಗೆ ಹಾಕುವುದೆಂದು ತೀರ್ಮಾನಿಸಿದೆವು. ಚೌಕಟ್ಟಿಗೆ ಹೇಳುವ ದೀರ್ಘ ವಾರಂಟಿ ಮೋಟಾರಿಗೂ ರಿಮೋಟಿಗೂ ಅನ್ವಯಿಸುವುದಿಲ್ಲವೆಂಬುದು ಕಾಗದ ಓದಿದಾಗ ತಿಳಿಯಿತು. ಮೋಟಾರಿನ ವಾರಂಟಿ ಎಷ್ಟು ವರ್ಷ, ಕೆಟ್ಟರೆ ಮೆಕ್ಯಾನಿಕ್ ಚಿಕ್ಕಮಗಳೂರಿಗೇ ಬರುತ್ತಾರೋ ಅಥವಾ ಮಂಚವನ್ನೇ ನಾವು ಹಾಸನಕ್ಕೆ ಹೊತ್ತು ತರಬೇಕೋ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿ, ಸಹಿ ಮಾಡಿಸಿಕೊಂಡ ಬಳಿಕ ಮುಂಗಡ ಕೊಟ್ಟೆವು.