ಸ್ಟೀಲ್ ಪಾತ್ರೆ: 202 ಕೊಳ್ಳುವುದೋ, 304 ಕೊಳ್ಳುವುದೋ?

ಕೋಲಾರದ ಪಾತ್ರೆ ಅಂಗಡಿಯಲ್ಲಿ ಒಂದೇ ಅಳತೆಯ, ಒಂದೇ ಹೊಳಪಿನ ಎರಡು ಕೊಳಗಗಳ ಬೆಲೆ ಬೇರೆಯಾಗಿದ್ದರೆ ಅದಕ್ಕೆ ಕಾರಣ ಬಹಳ ಸಲ 202, 304 ಎಂಬ ಸಂಖ್ಯೆಗಳಿಂದ ಗುರುತಿಸುವ ಉಕ್ಕಿನ ದರ್ಜೆಯೇ ಆಗಿರುತ್ತದೆ. ಕಬ್ಬಿಣಕ್ಕೆ ಕನಿಷ್ಠ ಶೇ 10.5ರಷ್ಟು ಕ್ರೋಮಿಯಂ ಬೆರೆತಾಗ ಮೇಲ್ಮೈಯಲ್ಲಿ ಕಣ್ಣಿಗೆ ಕಾಣದಷ್ಟು ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಗೀರು ಬಿದ್ದರೂ ಗಾಳಿಯ ಆಮ್ಲಜನಕದಿಂದ ಅದು ತಾನಾಗಿ ಮತ್ತೆ ಕೂಡಿಕೊಳ್ಳುವುದರಿಂದಲೇ ತುಕ್ಕು ಸುಲಭವಾಗಿ ಹಿಡಿಯುವುದಿಲ್ಲ.

304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕ್ಕಲ್ ಇರುತ್ತದೆ. 202ರಲ್ಲಿ ದುಬಾರಿಯಾದ ನಿಕ್ಕಲ್ಲನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಮತ್ತು ಸಾರಜನಕವನ್ನು ಸೇರಿಸುತ್ತಾರೆ. ಗಟ್ಟಿತನಕ್ಕೆ ಕೊರತೆಯಿಲ್ಲ, ಉಪ್ಪು ಮತ್ತು ಹುಳಿಯನ್ನು ತಡೆಯುವ ಶಕ್ತಿ ಮಾತ್ರ ಕಡಿಮೆ. ನಮ್ಮ ಮನೆಯ 202ರ ಡ್ರಮ್ಮಿನಲ್ಲಿ ಕೊಳವೆಬಾವಿಯ ಗಡಸು ನೀರು ತುಂಬಿಡುತ್ತಿದ್ದೆವು; ಒಳಗೆ ಕಟ್ಟಿದ ಬಿಳಿ ಹಕ್ಕಳೆಯನ್ನು ಉಜ್ಜಿ ತೆಗೆದಾಗ ತಳದ ಬೆಸುಗೆಯ ಗುಂಟ ಸಾಸಿವೆ ಕಾಳಿನಷ್ಟು ಕಂದು ಚುಕ್ಕೆಗಳು ಕಂಡವು.

ಆದ್ದರಿಂದ ನೀರು ತುಂಬಿಡುವುದಕ್ಕೂ ಹುಣಸೆ ಹುಳಿಯ ಸಾರು ಕುದಿಸುವುದಕ್ಕೂ 304 ಕೊಳ್ಳುವುದೇ ಲೇಸು. ರಾಗಿ ಹಿಟ್ಟಿನ ಡಬ್ಬಿಗೆ 202 ಧಾರಾಳವಾಗಿ ಸಾಕು, ಅಲ್ಲಿ ಹೆಚ್ಚು ಹಣ ಸುರಿಯುವುದು ದಂಡ. ಉಪ್ಪಿನಕಾಯಿಯನ್ನು ಮಾತ್ರ ಎರಡರಲ್ಲೂ ಇಡದೆ ಜಾಡಿಯಲ್ಲೇ ಇಡಿ.

ಅಯಸ್ಕಾಂತ ಹಿಡಿದು ಪರೀಕ್ಷಿಸುವುದರಿಂದ ಇವೆರಡರ ವ್ಯತ್ಯಾಸ ತಿಳಿಯದು, ಏಕೆಂದರೆ ಎರಡೂ ಬಹುಮಟ್ಟಿಗೆ ಅಂಟುವುದಿಲ್ಲ. ಅಂಟುವ 430 ಎಂಬ ಇನ್ನೊಂದು ದರ್ಜೆಯೂ ಕಲಬೆರಕೆಯೇನಲ್ಲ; ಇಂಡಕ್ಷನ್ ಒಲೆಯ ಪಾತ್ರೆಯ ತಳಕ್ಕೆ ಅಂಥದ್ದೇ ಬೇಕು. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.