ಒರಗಿ ತುಳಿಯುವ ಟ್ರೈಕು ಮತ್ತು ಅದರ ಮೇಲಿನ ಕ್ಯಾಮೆರಾ: ದೀರ್ಘ ಬಳಕೆಯ ಅನುಭವ

ಒರಗಿ ಕುಳಿತು ತುಳಿಯುವ ಮೂರು ಚಕ್ರದ ಸೈಕಲ್ ಕೊಂಡವರಿಗೆ ಪೆಟ್ಟಿಗೆ ಬಿಚ್ಚಿದ ಕೂಡಲೇ ಗೊತ್ತಾಗುತ್ತದೆ, ಖರ್ಚು ಇನ್ನೂ ಮುಗಿದಿಲ್ಲ ಎಂದು. ಹಲವು ಮಾದರಿಗಳಿಗೆ ಪೆಡಲ್ ಕೂಡ ಬೇರೆಯಾಗಿ ಕೊಳ್ಳಬೇಕು. ಕನ್ನಡಿ, ದೀಪ, ಮಡ್‌ಗಾರ್ಡ್, ಕ್ಯಾರಿಯರ್, ತಲೆಗೆ ಆಸರೆ ಎಲ್ಲವೂ ಬಿಡಿಬಿಡಿ. ನನ್ನದು ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ಟ್ಯಾಡ್‌ಪೋಲ್ ಮಾದರಿ. ಮೂರೂ 20 ಇಂಚಿನ ಚಕ್ರಗಳು, ಮುಂದಿನ ಎರಡಕ್ಕೆ ಡಿಸ್ಕ್ ಬ್ರೇಕು, ಹಿಡಿಕೆಗಳು ಸೀಟಿನ ಅಕ್ಕಪಕ್ಕ. ಇದನ್ನು ವರ್ಷಗಟ್ಟಲೆ ಓಡಿಸಿ, ಸವಾರಿಗಳನ್ನು ಚಿತ್ರೀಕರಿಸುತ್ತ ಬಂದವನಾಗಿ ನನ್ನ ಅಭಿಪ್ರಾಯ ಇಷ್ಟು: ಈ ಗಾಡಿಯ ಮೇಲೆ ಏನನ್ನೇ ಬಿಗಿದರೂ ಅದು ಇನ್ನೊಂದಕ್ಕೆ ಅಡ್ಡ ಬರುತ್ತದೆ. ಹಾಗಾಗಿ ಕ್ಯಾಮೆರಾ ಬೇಕೆನ್ನುವವರು ಅದರ ಜಾಗವನ್ನು ಕೊನೆಗೆ ಹುಡುಕದೆ ಮೊದಲೇ ಕಾಯ್ದಿರಿಸಿಕೊಳ್ಳಬೇಕು.

ಗಾಡಿಯ ಬಗ್ಗೆ ದೂರು ಕಡಿಮೆ. ಜಾಲರಿ ಸೀಟು ಬೆನ್ನಿಗೆ ಗಾಳಿ ಬಿಡುತ್ತದೆ; ಮಣಿಕಟ್ಟಿನ ಮೇಲೆ ಭಾರವೇ ಬೀಳುವುದಿಲ್ಲ. ಏರಿನಲ್ಲಿ ಎದ್ದು ನಿಂತು ತುಳಿಯಲು ಆಗದು, ನಿಜ. ಆದರೆ ನಡಿಗೆಯ ವೇಗಕ್ಕೆ ಇಳಿದರೂ ಗಾಡಿ ಬೀಳುವುದಿಲ್ಲವಾದ್ದರಿಂದ ಅತಿ ಸಣ್ಣ ಗೇರಿಗೆ ಹಾಕಿಕೊಂಡು ಸಾವಕಾಶವಾಗಿ ಹತ್ತಬಹುದು. ಗುಂಡಿ ತಪ್ಪಿಸುವುದು ಮಾತ್ರ ಕಷ್ಟ. ಮೂರು ಚಕ್ರಗಳು ಮೂರು ಜಾಡು ಹಿಡಿಯುತ್ತವೆ. ಮುಂದಿನವುಗಳ ನಡುವೆ ಜಾಣತನದಿಂದ ಹಾಯಿಸಿದ ಗುಂಡಿಗೆ ಹಿಂದಿನ ಚಕ್ರ ಇಳಿದೇ ಇಳಿಯುತ್ತದೆ. ಚೈನು ಸಾಮಾನ್ಯ ಸೈಕಲ್ಲಿನದರ ಸುಮಾರು ಮೂರು ಪಟ್ಟು ಉದ್ದವಿದೆ. ತೊಳೆಯುವ ದಿನ ಅದು ಶಾಪ, ಬಾಳಿಕೆಯಲ್ಲಿ ವರ, ಏಕೆಂದರೆ ಒಂದೊಂದು ಕೊಂಡಿಯೂ ಹಲ್ಲುಚಕ್ರದ ಮೇಲೆ ಹಾದುಹೋಗುವ ಸರದಿ ಅಷ್ಟು ಕಡಿಮೆ. ಮುಂದಿನ ಟೈರುಗಳು ಬೇಗ ಸವೆಯುತ್ತಿದ್ದರೆ ಟೈರನ್ನು ಬೈಯುವ ಮೊದಲು ಅವೆರಡರ ನಡುವಿನ ಅಂತರವನ್ನು ಅಚ್ಚಿನ ಎತ್ತರದಲ್ಲಿ ಮುಂಬದಿಗೊಮ್ಮೆ, ಹಿಂಬದಿಗೊಮ್ಮೆ ಅಳೆಯಿರಿ. ಮುಂಬದಿಯಲ್ಲಿ ಒಂದೆರಡು ಮಿಲಿಮೀಟರ್ ಕಡಿಮೆ ಇದ್ದರೆ ಸರಿ. ಅದಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಟೈರುಗಳು ಉರುಳುವ ಬದಲು ತೇಯುತ್ತಿವೆ ಎಂದರ್ಥ.

ಸಜ್ಜುಗೊಳಿಸುವ ವಿಷಯದಲ್ಲಿ ರಾಜಿ ಮಾಡಿಕೊಳ್ಳಬಾರದ್ದು ಎರಡು. ಮೊದಲನೆಯದು, ಪಾದವನ್ನು ಪೆಡಲಿಗೆ ಕಚ್ಚಿ ಹಿಡಿಯುವ ವ್ಯವಸ್ಥೆ. ವೇಗದಲ್ಲಿದ್ದಾಗ ಪಾದ ಜಾರಿ ಹಿಮ್ಮಡಿ ನೆಲಕ್ಕೆ ತಾಗಿದರೆ ಮುಂದೆ ಸಾಗುತ್ತಿರುವ ಗಾಡಿಯೇ ಕಾಲನ್ನು ತನ್ನ ಅಡಿಗೆ ಎಳೆದುಕೊಳ್ಳುತ್ತದೆ. ಮೂಳೆ ಮುರಿಯುವಂಥ ಪೆಟ್ಟು ಅದು. ಕ್ಲೀಟ್, ಅಂದರೆ ಪೆಡಲಿಗೆ ಸಿಕ್ಕಿಕೊಳ್ಳುವ ಅಚ್ಚು, ಇರುವ ಬೂಟು ಒಗ್ಗದಿದ್ದರೆ ಹಿಮ್ಮಡಿಯನ್ನು ಹಿಡಿಯುವ ಪಟ್ಟಿಯ ಪೆಡಲುಗಳಾದರೂ ಇರಲಿ. ಎರಡನೆಯದು, ಎರಡೂ ಬದಿಗೆ ಕನ್ನಡಿ. ಒರಗಿ ಕುಳಿತವರು ಕುತ್ತಿಗೆ ತಿರುಗಿಸಿ ಹಿಂದೆ ನೋಡುವುದು ಹೇಳಿದಷ್ಟು ಸುಲಭವಲ್ಲ. ತಗ್ಗಿನ ಗಾಡಿ ಇತರರ ಕಣ್ಣಿಗೆ ಬೀಳಲು ಉದ್ದ ಕೋಲಿನ ಬಾವುಟವೂ ಬೇಕು, ಅದರ ಉಪದ್ರವವನ್ನು ಮುಂದೆ ಹೇಳುತ್ತೇನೆ. ಇಳಿಜಾರಿನಲ್ಲಿ ನಿಲ್ಲಿಸಲು ಬ್ರೇಕನ್ನು ಕಟ್ಟಿ ಹಿಡಿಯುವ ಒಂದು ಪಟ್ಟಿ ಸಾಕು. ಹಿಂದಿನ ಚೀಲ ತುಂಬಿಸಿದ ಮೇಲೆ ಕೆಂಪು ದೀಪ ಮರೆಯಾಗುತ್ತದೆಯೇ ಎಂದು ಒಮ್ಮೆ ಹಿಂದೆ ಹೋಗಿ ನೋಡಿ. ಬಹಳ ಗಾಡಿಗಳಲ್ಲಿ ಆಗುತ್ತದೆ.

ಇನ್ನು ಕ್ಯಾಮೆರಾ, ಅಂದರೆ ಗಾಡಿಗೆ ಬಿಗಿಯುವ ಪುಟ್ಟ ಆಕ್ಷನ್ ಕ್ಯಾಮೆರಾ. ಟ್ರೈಕಿನ ಮೇಲೆ ಕಣ್ಣಿಗೆ ಮೊದಲು ಹೊಳೆಯುವ ಜಾಗ ಮುಂಚಾಚಿದ ಬೂಮ್, ಅಂದರೆ ಪೆಡಲುಗಳನ್ನು ಹೊತ್ತಿರುವ ಕೊಳವೆಯ ತುದಿ. ಅಲ್ಲಿ ಏನೂ ಅಡ್ಡವಿಲ್ಲ, ದಾರಿಯೆಲ್ಲ ತೆರೆದಿದೆ. ನನ್ನ ಮಟ್ಟಿಗೆ ಇಡೀ ಗಾಡಿಯಲ್ಲಿ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಪ್ರತಿ ತುಳಿತಕ್ಕೂ ಬೂಮ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಕೂದಲೆಳೆಯಷ್ಟು ಬಾಗುತ್ತದೆ. ಸವಾರನ ಅರಿವಿಗೆ ಬಾರದ ಈ ಓಲಾಟ ಪರದೆಯ ಮೇಲೆ ತಲೆ ಸುತ್ತು ಬರಿಸುತ್ತದೆ. ಒರಟು ರಸ್ತೆಯಲ್ಲಿ ಅದರ ಮೇಲೆ ಸಣ್ಣ ನಡುಕವೂ ಸೇರಿಕೊಳ್ಳುತ್ತದೆ. ಇಂಥ ಕ್ಯಾಮೆರಾಗಳ ಸಂವೇದಕ ಚಿತ್ರವನ್ನು ಸಾಲುಸಾಲಾಗಿ ಓದುತ್ತದೆ. ಒಂದು ಚಿತ್ರವನ್ನು ಓದಿ ಮುಗಿಸುವಷ್ಟರಲ್ಲಿ ಕ್ಯಾಮೆರಾ ಕಂಪಿಸಿದರೆ ನೆಟ್ಟಗೆ ನಿಂತ ದೀಪದ ಕಂಬ ನೀರಿನಲ್ಲಿ ಕಂಡಂತೆ ಬಳುಕುತ್ತದೆ. ಕ್ಯಾಮೆರಾ ಕಂಪನಿ ಗೋಪ್ರೋ 2018ರಲ್ಲಿ ಹೈಪರ್‌ಸ್ಮೂತ್ ಎಂಬ ಅಲುಗಾಟ ತಗ್ಗಿಸುವ ತಂತ್ರ ತಂದ ಮೇಲೆ ಕ್ಯಾಮೆರಾದೊಳಗಿನ ಸ್ಥಿರೀಕರಣ ಬಹಳ ಸುಧಾರಿಸಿದೆ, ಒಪ್ಪುತ್ತೇನೆ. ಅದು ನಿಧಾನದ ಓಲಾಟವನ್ನು ಅಳಿಸಬಲ್ಲದು. ಒಂದೇ ಚಿತ್ರದೊಳಗೆ ಸೇರಿಹೋದ ನಡುಕವನ್ನು ಅಷ್ಟಾಗಿ ಸರಿಪಡಿಸಲಾರದು. ಇನ್ನೊಂದು ವಿಚಿತ್ರ: ಬೂಮ್‌ನ ಕ್ಯಾಮೆರಾವನ್ನು ಸವಾರನ ಕಡೆಗೆ ತಿರುಗಿಸಿದರೆ ಸ್ಥಿರೀಕರಣವು ಹಿಂದಿನ ಮರಗಿಡಗಳನ್ನು ಅಲ್ಲಾಡದಂತೆ ಹಿಡಿದು, ಆ ನಡುಕವನ್ನೆಲ್ಲ ಸವಾರನ ಮೊಣಕಾಲಿಗೆ ಹಚ್ಚುತ್ತದೆ.

ಕನ್ನಡಿಯ ಕಂಬಕ್ಕೆ ಕ್ಲ್ಯಾಂಪು ಹಾಕುವವರೂ ಇದ್ದಾರೆ. ಕ್ಯಾಮೆರಾದ ಭಾರಕ್ಕೆ ಕನ್ನಡಿ ನಡುಗಿ, ಹಿಂದೆ ಬರುವುದು ಲಾರಿಯೋ ಬಸ್ಸೋ ತಿಳಿಯದಂತಾಗುತ್ತದೆ. ಚಿತ್ರಕ್ಕಾಗಿ ಕಣ್ಣನ್ನು ಬಲಿಕೊಟ್ಟ ಹಾಗೆ; ಬೇಡವೇ ಬೇಡ. ಹೆಲ್ಮೆಟ್ಟಿನ ಮೇಲೆ ಇಡಬಹುದು, ಆದರೆ ಒರಗಿದ ತಲೆಯ ಜೊತೆ ಕ್ಯಾಮೆರಾವೂ ಆಕಾಶ ನೋಡುತ್ತದೆ, ತಲೆಯ ಆಸರೆಗೂ ತಗಲುತ್ತದೆ.

ಗೆದ್ದದ್ದು ಸೀಟಿನ ಬೆನ್ನಿನ ಮೇಲ್ಗಡೆಯ ಅಡ್ಡಕೊಳವೆ. ಸವಾರನ ಮೈಭಾರವೇ ಅಲ್ಲಿ ಕಂಪನವನ್ನು ತಗ್ಗಿಸುತ್ತದೆ. ಲೋಹದ ಕ್ಲ್ಯಾಂಪಿನ ಕೆಳಗೆ ಹಳೆಯ ಟ್ಯೂಬಿನ ತುಂಡೊಂದನ್ನು ಸುತ್ತಿ, ಆಮೇಲೆ ಬೋಲ್ಟು ಬಿಗಿಯಬೇಕು. ರಬ್ಬರು ಅಂಚಿನಲ್ಲಿ ತುಸು ಉಬ್ಬಿ ಹೊರಬಂದರೆ ಹಿಡಿತ ಸಾಕು. ಇನ್ನೂ ತಿರುವುತ್ತ ಹೋದರೆ ಕೊಳವೆಗೆ ಕಚ್ಚು ಬೀಳುತ್ತದೆ. ಪ್ಲಾಸ್ಟಿಕ್ ಕ್ಲ್ಯಾಂಪುಗಳು ಬಿಸಿಲಿಗೆ ಸಡಿಲವಾಗುತ್ತವೆ, ದೂರವಿಡಿ. ಕ್ಯಾಮೆರಾಕ್ಕೂ ಕೊಳವೆಗೂ ಸೇರಿಸಿ ಒಂದು ಗಟ್ಟಿ ದಾರ ಕಟ್ಟಿರಬೇಕು. ಹೆಗಲ ಪಕ್ಕದಿಂದ ಮುಂದೆ ನೋಡುವ ಈ ಕ್ಯಾಮೆರಾದಲ್ಲಿ ಸವಾರನ ಕಾಲು, ಮುಂದಿನ ಎರಡು ಚಕ್ರಗಳು, ರಸ್ತೆ ಎಲ್ಲ ಒಂದೇ ಚೌಕಟ್ಟಿಗೆ ಬರುತ್ತವೆ. ತಿರುವಿನಲ್ಲಿ ಚಕ್ರ ಹೊರಳುವುದನ್ನು ನೋಡುವುದೇ ಒಂದು ಸೊಗಸು. ಅಗಲ ಲೆನ್ಸು ಏರನ್ನೆಲ್ಲ ಚಪ್ಪಟೆಯಾಗಿ ತೋರಿಸುತ್ತದೆ. ಏದುಸಿರು ಬಿಡುತ್ತ ಹತ್ತಿದ ಗುಡ್ಡ ನೋಡುವವರಿಗೆ ಸಮತಟ್ಟು ರಸ್ತೆ. ಇದಕ್ಕೆ ಮದ್ದಿಲ್ಲ.

ಅದೇ ಕೊಳವೆಯ ಇನ್ನೊಂದು ತುದಿಯಲ್ಲಿ ಹಿಂದೆ ನೋಡುವ ಕ್ಯಾಮೆರಾ. ಒಂದೇ ಕೊಳ್ಳಲು ಸಾಧ್ಯವಿದ್ದರೆ ಇದನ್ನೇ ಕೊಳ್ಳಿ ಎನ್ನುತ್ತೇನೆ. ಮುಂದಿನ ಚಿತ್ರ ನಮ್ಮ ಖುಷಿಗೆ; ಹಿಂದಿನದರಲ್ಲಿ ವಾಹನಗಳು ಎಷ್ಟು ಜಾಗ ಬಿಟ್ಟು ಹಾದುಹೋದವು ಎಂಬುದು ಉಳಿಯುತ್ತದೆ. ಬಾವುಟದ ಉಪದ್ರವ ಇಲ್ಲಿಯೇ. ಕೋಲು ಲೆನ್ಸಿನ ಮುಂದೆ ಓಲಾಡುತ್ತದೆ, ಬಟ್ಟೆಯ ನೆರಳು ಹಾದುಹೋದಾಗಲೆಲ್ಲ ಚಿತ್ರ ಕತ್ತಲೆಗೂ ಬೆಳಕಿಗೂ ಹಾರುತ್ತದೆ, ಗಾಳಿ ಜೋರಾದಾಗ ಕೋಲಿನ ಗುಂಯ್ ಸದ್ದು ಧ್ವನಿಯಲ್ಲಿ ಸೇರುತ್ತದೆ. ಕೋಲನ್ನು ಎದುರು ಬದಿಗೆ ಸರಿಸಿ ಹೊರಕ್ಕೆ ವಾಲಿಸಿದ ಮೇಲೆ ಮುಕ್ಕಾಲು ಪಾಲು ತೊಂದರೆ ಹೋಯಿತು.

ಹಿಂದಿನ ಕ್ಯಾಮೆರಾ ದಾರಿಹೋಕರ ಮಾತನ್ನೂ ಹಿಡಿಯುತ್ತದೆ. ‘ಪಾಪ, ಕಾಲಿಗೆ ಏನಾಗಿದೆಯೋ’ ಎಂಬುದು ಅದರಲ್ಲಿ ಪದೇ ಪದೇ ಕೇಳುವ ಮಾತು. 1933ರಲ್ಲಿ ಫ್ರಾನ್ಸಿನ ಸೈಕಲ್ ಸ್ಪರ್ಧಿ ಫ್ರಾನ್ಸಿಸ್ ಫೋರ್ ಒರಗಿ ತುಳಿಯುವ ಎರಡು ಚಕ್ರದ ಗಾಡಿಯಲ್ಲಿ ಒಂದು ಗಂಟೆಯಲ್ಲಿ 45 ಕಿಲೋಮೀಟರ್‌ಗೂ ಹೆಚ್ಚು ದೂರ ಸಾಗಿ ಗಂಟೆಯ ದಾಖಲೆ ಮುರಿದದ್ದೂ, ಮರುವರ್ಷವೇ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಇಂಥ ಗಾಡಿಗಳನ್ನು ಸ್ಪರ್ಧೆಯಿಂದ ಹೊರಗಿಟ್ಟದ್ದೂ ಅವರಿಗೆ ಹೇಳಿ ಮುಗಿಸುವಷ್ಟರಲ್ಲಿ ಸಿಗ್ನಲ್ ಹಸಿರಾಗಿರುತ್ತದೆ.

ಧ್ವನಿಗೆ ಕ್ಯಾಮೆರಾದ ಮೈಕನ್ನು ನೆಚ್ಚಬೇಡಿ. ಸೀಟಿನ ಕೆಳಗೆ ಗಾಳಿ ತಗಲುವುದಿಲ್ಲವೆಂದು ಅಲ್ಲಿ ಮೈಕು ಇಟ್ಟರೆ ಚೈನು ತನ್ನ ರಕ್ಷಣೆಯ ಕೊಳವೆಯೊಳಗೆ ಹಾಯುವ ಗರಗರ ಸದ್ದು ಮಾತನ್ನೆಲ್ಲ ನುಂಗುತ್ತದೆ. ಎದೆಗೆ ಸಿಕ್ಕಿಸುವ ಪುಟ್ಟ ಮೈಕು, ಅದಕ್ಕೊಂದು ತುಪ್ಪಳದ ಟೋಪಿ, ಅಷ್ಟೇ ಸಾಕು.

ವಿದ್ಯುತ್ತಿನ ಮಟ್ಟಿಗೆ ಟ್ರೈಕು ಉದಾರಿ. 10,000 ಎಂಎಎಚ್ ಪವರ್ ಬ್ಯಾಂಕಿನಲ್ಲಿ ಸುಮಾರು 37 ವ್ಯಾಟ್-ಗಂಟೆ ಇರುತ್ತದೆ. ಸೀಟಿನ ಹಿಂದಿನ ಚೀಲದಲ್ಲಿ ಅದರ ಭಾರ ಗೊತ್ತೇ ಆಗುವುದಿಲ್ಲ. ಆದರೆ ತಂತಿ ಸಿಕ್ಕಿಸಲು ಬ್ಯಾಟರಿಯ ಮುಚ್ಚಳ ತೆರೆದರೆ ನೀರು ತಡೆಯುವ ಗುಣ ಹೋಯಿತು. ಮಳೆಯಿದ್ದರೆ ತಂತಿ ಬೇಡ. ಮೆಮೊರಿ ಕಾರ್ಡಿನ ಲೆಕ್ಕ ಸರಳ: ಸೆಕೆಂಡಿಗೆ 60 ಮೆಗಾಬಿಟ್‌ನಂತೆ ಬರೆದರೆ ಗಂಟೆಗೆ 27 ಜಿಬಿ. 128 ಜಿಬಿ ಕಾರ್ಡು ಐದು ಗಂಟೆ ತುಂಬುವ ಮೊದಲೇ ಭರ್ತಿ. ವಿ30 ಗುರುತಿನ ಕಾರ್ಡು ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವುದರಿಂದ ಈ ಕೆಲಸಕ್ಕೆ ಧಾರಾಳ. ಹಿಂದಿನ ಕ್ಯಾಮೆರಾವನ್ನು ಹಳೆಯದರ ಮೇಲೆ ಹೊಸದನ್ನು ಬರೆಯುತ್ತ ಹೋಗುವಂತೆ ಇಟ್ಟಿದ್ದೇನೆ.

ಸುತ್ತಲೂ ನೋಡುವ 360 ಡಿಗ್ರಿ ಕ್ಯಾಮೆರಾವನ್ನೂ ಕೋಲಿಗೆ ಏರಿಸಿ ನೋಡಿದೆ. ಕೋಲು ಚಿತ್ರದಿಂದ ಮಾಯವಾಗುವುದು ಚಂದ. ಆದರೆ ಸವಾರಿಗಿಂತ ಹೆಚ್ಚು ಹೊತ್ತು ಕಂಪ್ಯೂಟರ್ ಮುಂದೆ ಕೂರುವ ತಾಳ್ಮೆ ನನಗಿಲ್ಲ.

ಬಗೆಹರಿಯದೆ ಉಳಿದಿರುವ ತಕರಾರು ರಾತ್ರಿಯ ಚಿತ್ರಗಳದ್ದು. ಸಂವೇದಕ ಸಣ್ಣದು, ಶಟರ್ ನಿಧಾನ, ಆದ್ದರಿಂದ ಪ್ರತಿ ಕುಲುಕಾಟವೂ ಮಸುಕಾಗಿ ಬಳಿದುಕೊಳ್ಳುತ್ತದೆ. ಮುಂದಿನ ವಾಹನದ ಸಂಖ್ಯಾಫಲಕ ನಮ್ಮದೇ ದೀಪದ ಬೆಳಕಿಗೆ ಬಿಳಿಯ ಹಾಳೆಯಾಗುತ್ತದೆ. ಕತ್ತಲಾದ ಮೇಲೆ ಮುಂದಿನ ಕ್ಯಾಮೆರಾವನ್ನು ನಿಲ್ಲಿಸಿ ಹಿಂದಿನದೊಂದನ್ನೇ ಓಡಲು ಬಿಡುತ್ತೇನೆ.